ಮೀನಿಗೆ ಅಮ್ಮ ಬಂದದ್ದು

ದೇವದುರ್ಗ
12-11-1978

ತೀರ್ಥರೂಪ ಸಮಾನ ಅಣ್ಣ ವಾದಿರಾಜನಿಗೆ ತಂಗಿ ವಿಜಯಾ ಮಾಡುವ ನಮಸ್ಕಾರಗಳು.

ನೀನು ಕಾಲೇಜಿನ ಲ್ಯಾಬಿನಿಂದ ಕಳಿಸಿದ ಗಾಜಿನ ಪೆಟ್ಟಿಗೆ ಒಡೆಯದೆ ಬಂದು ಮುಟ್ಟಿತು. ಗಪ್ಪಿ ಮೀನುಗಳೂ ದೇವದುರ್ಗದ ರಸ್ತೆಯ ಕುಲುಕಾಟ ತಡೆದುಕೊಂಡು ಜೀವಂತ ಬಂದವು. ಪಡಸಾಲೆಯ ಕಿಟಕಿಯ ಹತ್ತಿರ ಇಟ್ಟಿದ್ದೇವೆ. ನೀನು ಜೊತೆಗೆ ಕಟ್ಟಿದ್ದ ಒಣ ಬಾದಾಮಿ ಎಲೆ ಹಾಕಿದ ಮೇಲೆ ನೀರು ಕೆಂಪಗಾಯಿತು. ಅತ್ತೆಯವರು ಬಗ್ಗಿ ನೋಡಿ, "ಏನವಾ ವಿಜಯಾ, ನಿಮ್ಮಣ್ಣ ಮೀನಿಗೆ ಚಹಾ ಕಾಸಿ ಕಳಿಸ್ಯಾನೇನು?" ಅಂದರು. ವೈಷ್ಣವರ ಮನೆಯಲ್ಲಿ ಮೀನೇ ಅಂತ ಗೊಣಗಿದ್ದಕ್ಕೆ ಮತ್ಸ್ಯಾವತಾರ ಅಂದುಕೊಳ್ಳಿರಿ ಅಂದೆ. ಅವತಾರಕ್ಕೆ ಎದುರು ಮಾತಾಡುವಂತಿಲ್ಲವಲ್ಲ, ಸುಮ್ಮನಾದರು.

ಇನ್ನು ನಮ್ಮ ತಮ್ಮ ವೆಂಕಣ್ಣನ ವಿಷಯ. ಗುಲಬರ್ಗಾದ ಕಾಲೇಜು ಬಿಟ್ಟು ನಮ್ಮಲ್ಲಿಗೆ ಬಂದ ದಿನದಿಂದ ಅವನ ಬಾಯಿಂದ ಒಂದು ಮಾತು ಹೊರಟಿಲ್ಲ ಎಂಬುದು ನಿನಗೆ ಗೊತ್ತೇ ಇದೆ. ವರ್ಷ ದಾಟಿತು. ಅಲ್ಲಿ ಏನಾಯಿತೋ, ಯಾರು ಏನಂದರೋ ನಮಗೆ ತಿಳಿಯಲಿಲ್ಲ. ಈವರೆಗೆ ಗೋಡೆಗೆ ಮುಖ ಮಾಡಿ ಕೂಡುತ್ತಿದ್ದ. ಈಗ ಮೀನಿನ ಕಡೆ ಮುಖ ಮಾಡಿ ಕೂಡುತ್ತಾನೆ. ನನಗೆ ಇಷ್ಟೇ ದೊಡ್ಡದು.

ಇವರು ಮೊನ್ನೆ ಊಟಕ್ಕೆ ಕೂತಾಗ, "ಸಂಕ್ರಾಂತಿ ತನಕ ನೋಡೂಣು. ಆಮ್ಯಾಲೆ ಧಾರವಾಡಕ್ಕ ಕಳಸೂದೇ ಛಲೋ" ಅಂದರು. ನಮ್ಮ ಸೀಮೆಯಲ್ಲಿ ಧಾರವಾಡ ಅಂದರೆ ಹುಚ್ಚರ ಆಸ್ಪತ್ರೆ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಹೋಗಿ ಗುಣವಾದವರೂ ಇದ್ದಾರಂತೆ. ಇರಲಿ, ಅವರಿಗೆ ಒಳ್ಳೆಯದಾಗಲಿ. ನಾನಂತೂ ನನ್ನ ತಮ್ಮನನ್ನು ಕಳಿಸುವವಳಲ್ಲ. ಒಂದು ತಿಂಗಳು ನಿನ್ನ ಹತ್ತಿರ ರಾಯಚೂರಿನಲ್ಲಿ ಇಟ್ಟುಕೊಂಡರೆ ಇವರ ಮನಸ್ಸೂ ತಣ್ಣಗಾದೀತು. ಆಗುತ್ತದೆಯೇ? ಎಲೆ ಇನ್ನಷ್ಟು ಕಳಿಸು.

ನಿನ್ನ ತಂಗಿ
ವಿಜಯಾ


ರಾಯಚೂರು
20-11-1978

ಚಿ. ಸೌ. ವಿಜಯಾಳಿಗೆ ಆಶೀರ್ವಾದಗಳು.

ಎಲೆಯ ವಿಷಯ ಸರಿಯಾಗಿ ತಿಳಿದುಕೊಳ್ಳಬೇಕು. ನಮ್ಮ ಕಾಲೇಜಿನ ಅಂಗಳದ ಬಾದಾಮಿ ಗಿಡದಿಂದ ತಾನಾಗಿ ಉದುರಿ, ನೆಲದ ಮೇಲೆ ಒಣಗಿದ ಎಲೆಗಳನ್ನು ಮಾತ್ರ ಆರಿಸಿದ್ದೇನೆ. ಚೆನ್ನಾಗಿ ತೊಳೆದು, ಒಂದು ರಾತ್ರಿ ಬೇರೆ ನೀರಿನಲ್ಲಿ ನೆನೆಸಿ, ಆಮೇಲೆ ಪೆಟ್ಟಿಗೆಗೆ ಬಿಡಬೇಕು. ಎಲೆಯ ಒಗರು ನೀರಿಗಿಳಿದರೆ ಮೀನಿನ ಮೈಮೇಲಿನ ಗಾಯ ಮಾಯುತ್ತದೆ, ಬೂಷ್ಟು ಹಿಡಿಯುವುದಿಲ್ಲ. ನೀರು ಕೆಂಪಾದರೆ ಗಾಬರಿ ಬೇಡ, ಅದೇ ಔಷಧ. ಎಲೆ ತೀರಾ ಜಾಳಾದಾಗ ತೆಗೆದು ಹೊಸದು ಹಾಕಬೇಕು. ಹಸಿ ಎಲೆ ಮಾತ್ರ ಎಂದಿಗೂ ಹಾಕಕೂಡದು. ಒಣಗಿದ್ದೇ ಆಗಬೇಕು ಎಂಬ ಈ ಒಂದು ಮಾತನ್ನು ವೆಂಕಣ್ಣನಿಗೆ ಕೂಡಿಸಿಕೊಂಡು ತಿಳಿಸಿ ಹೇಳು. ಅವನು ಉತ್ತರ ಕೊಡದಿದ್ದರೂ ಕೇಳಿಸಿಕೊಳ್ಳುತ್ತಾನೆ.

ಇಲ್ಲಿಗೆ ಕರೆಸಿಕೊಳ್ಳುವ ಬಗ್ಗೆ ಬರೆದಿದ್ದೀಯಾ. ನಮ್ಮದು ಎರಡೇ ಕೋಣೆ. ನಿನ್ನ ಅತ್ತಿಗೆ ಅಹಲ್ಯಾಗೆ ಈಗ ಆರನೆಯ ತಿಂಗಳು. ಬೇಸಿಗೆಗೆ ನೋಡೋಣ.

ವಾದಿರಾಜ


ದೇವದುರ್ಗ
17-12-1978

ಅಣ್ಣನಿಗೆ ನಮಸ್ಕಾರ.

ಎಲೆಗೆ ಒಂದು ಪುಟ, ತಮ್ಮನಿಗೆ ಒಂದು ಸಾಲು. ಪ್ರಾಣಿಶಾಸ್ತ್ರ ಕಲಿಸುವವನು ಅಂತ ಕಾಗದ ನೋಡಿಯೇ ಹೇಳಬಹುದು. ಸಿಟ್ಟಿಲ್ಲ, ತಮಾಷೆಗೆ ಬರೆದೆ.

ನಿನ್ನ ಮಾತನ್ನು ಅವನಿಗೆ ಓದಿ ಹೇಳಿದೆ. ಅಂದಿನಿಂದ ಎಲೆಯ ಕೆಲಸ ನಮಗೆ ಯಾರಿಗೂ ಬಿಟ್ಟುಕೊಟ್ಟಿಲ್ಲ. ಹಿತ್ತಲಲ್ಲಿ ಚಾಪೆ ಹಾಸಿ ಒಂದೊಂದೇ ಎಲೆಯನ್ನು ಬಿಸಿಲಿಗೆ ತಿರುವುತ್ತಾನೆ, ಮುರಿದು ನೋಡುತ್ತಾನೆ. ಪಟ್ ಅಂತ ಮುರಿದರೆ ಮಾತ್ರ ಅವನಿಗೆ ಒಪ್ಪಿಗೆ. ಒಂದು ದಿನ ಮೆತ್ತಗಿದ್ದ ಎಲೆಯನ್ನು ಅಡಿಗೆಮನೆಗೆ ತಂದು ನನ್ನ ಮುಖದ ಮುಂದೆ ಹಿಡಿದು ತಲೆ ಅಲ್ಲಾಡಿಸಿದ. ಬೇಡ ಅಂತ ಅದರ ಅರ್ಥ. ವರ್ಷದಿಂದ ಏನನ್ನೂ ಬೇಕು ಬೇಡ ಅನ್ನದವನು ಬೇಡ ಅಂದ. ನಾನು ಒಲೆಯ ಹೊಗೆ ಅಂತ ನೆಪ ಮಾಡಿ ಅತ್ತುಬಿಟ್ಟೆ.

ಮಸರಕಲ್ಲಿನ ಜಂಬಮ್ಮ ಅಂತ ಒಬ್ಬಾಕೆ ನಮ್ಮಲ್ಲಿ ಪಾತ್ರೆ ತಿಕ್ಕಲು ಬರುತ್ತಾಳೆ. ಕುರಿ ಕಾಯುವವರ ಮನೆಯವಳು. ಬಾಯಿಗೆ ಬಿಡುವೇ ಇಲ್ಲ. ವೆಂಕಣ್ಣನ ಹತ್ತಿರ ಕೂತು ಯಾವ ಕುರಿ ಈಯಿತು, ಯಾವುದಕ್ಕೆ ಕಾಲುಬೇನೆ ಬಂತು ಎಲ್ಲ ವರದಿ ಒಪ್ಪಿಸುತ್ತಾಳೆ. ಅವನು ಮೀನು ನೋಡುತ್ತ ಕೇಳುತ್ತಾನೆ. ನಾವೆಲ್ಲ ಅವನನ್ನು ಮಾತಾಡು ಮಾತಾಡು ಅಂತ ಪೀಡಿಸುತ್ತೇವೆ. ಆಕೆ ಒಬ್ಬಳೇ ಹಾಗೆ ಅನ್ನುವುದಿಲ್ಲ.

ಸಂಕ್ರಾಂತಿ ಹತ್ತಿರ ಬಂತು. ಇವರು ಬಾಯಿಬಿಟ್ಟು ಏನೂ ಹೇಳಿಲ್ಲ. ನಾನೂ ಕೇಳಿಲ್ಲ.

ವಿಜಯಾ


ರಾಯಚೂರು
30-12-1978

ಚಿ. ಸೌ. ವಿಜಯಾಳಿಗೆ ಆಶೀರ್ವಾದ.

ಅವನು ಎಲೆ ಆರಿಸುತ್ತಾನೆ ಎಂಬುದು ಸಂತೋಷ. ಆದರೆ ಒಮ್ಮೆಲೇ ಬಹಳ ಹಾಕಿದರೆ ನೀರು ಹುಳಿಯಾಗುತ್ತದೆ. ನೋಡಿಕೊಳ್ಳಬೇಕು. ಥಂಡಿಯಲ್ಲಿ ಮೀನಿಗೆ ಬೇನೆ ಹೆಚ್ಚು. ಪೆಟ್ಟಿಗೆಯನ್ನು ಕಿಟಕಿಯಿಂದ ದೂರ ಸರಿಸು.

ನರಸಿಂಹರಾಯರು ಕಾಗದ ಬರೆದಿದ್ದರು. ನಿನ್ನ ಯಜಮಾನರಿಗೆ ಸರ್ಕಾರಿ ಕಚೇರಿಯ ಕೆಲಸದ ನಡುವೆ ನನಗೆ ಬರೆಯಲು ಪುರುಸೊತ್ತು ಸಿಕ್ಕಿತಲ್ಲ ಎಂದು ಆಶ್ಚರ್ಯವಾಯಿತು. ವಿಶೇಷವೇನಿಲ್ಲ, ಕ್ಷೇಮಸಮಾಚಾರ.

ವಾದಿರಾಜ


ದೇವದುರ್ಗ
8-1-1979

ಅಣ್ಣನಿಗೆ ನಮಸ್ಕಾರ.

ಕೂಡಲೇ ಉತ್ತರ ಬರೆ. ಮೀನುಗಳ ಮೈಮೇಲೆ ಬಿಳಿ ಬಿಳಿ ಗುಳ್ಳೆ ಎದ್ದಿವೆ, ಉಪ್ಪಿನ ಹರಳು ಚೆಲ್ಲಿದ ಹಾಗೆ. ಕಲ್ಲಿಗೆ ಮೈ ಉಜ್ಜುತ್ತವೆ. ಮೇವು ಹಾಕಿದರೆ ಮೇಲೆ ಬರುವುದಿಲ್ಲ. ವೆಂಕಣ್ಣ ಊಟ ಬಿಟ್ಟು ಕೂತಿದ್ದಾನೆ. ಬಾದಾಮಿ ಎಲೆ ಮುಗಿದಿದೆ. ನಮ್ಮ ಓಣಿಯಲ್ಲಂತೂ ಆ ಗಿಡವೇ ಇಲ್ಲ. ಊರೆಲ್ಲ ವಿಚಾರಿಸಿದೆ.

ಜಂಬಮ್ಮ ನೋಡಿದವಳೇ ಗಲ್ಲ ಗಲ್ಲ ಬಡಿದುಕೊಂಡು, "ಯವ್ವಾ, ಮೀನಿಗಿ ಅಮ್ಮ ಬಂದಾಳ್ರೀ! ಸಣ್ಣ ಕೂಸಿಗಿ ಬಂದಂಗ ಬಂದಾಳ. ಬೇವಿನ ತಪ್ಪಲ ಹಾಕ್ರಿ, ತಣ್ಣಗ ಆಕ್ಕಾಳ" ಅಂದಳು. ನನಗೆ ನಗು ಬಂತು. ವೆಂಕಣ್ಣ ಮಾತ್ರ ನಗಲಿಲ್ಲ. ಆಕೆಯನ್ನೇ ನೋಡುತ್ತಿದ್ದ. ನೀನು ಏನು ಹೇಳುತ್ತೀ? ಬೇವು ಹಾಕಿದರೆ ಆಗುತ್ತದೆಯೇ?

ಅಣ್ಣಾ, ಈ ಮೀನು ಹೋದರೆ ಅವನು ಮತ್ತೆ ಗೋಡೆಯ ಕಡೆ ತಿರುಗುತ್ತಾನೆ. ತಿರುಗಿದರೆ ಇವರನ್ನು ತಡೆಯಲು ನನ್ನ ಹತ್ತಿರ ಏನೂ ಉಳಿಯುವುದಿಲ್ಲ.

ವಿಜಯಾ


ರಾಯಚೂರು
11-1-1979

ಚಿ. ಸೌ. ವಿಜಯಾಳಿಗೆ.

ಬೇವು ಹಾಕಬೇಡ! ಹಸಿಯದೂ ಬೇಡ, ಒಣಗಿದ್ದೂ ಬೇಡ. ಬೇವು ಹಾಕಿದರೆ ಮೀನು ಸಾಯುತ್ತವೆ. ಮನುಷ್ಯರಿಗೆ ಬರುವ ಅಮ್ಮನಿಗೂ ಇದಕ್ಕೂ ಸಂಬಂಧವಿಲ್ಲ. ಇದು ಥಂಡಿಗೆ ಅಂಟುವ ಹುಳ. ನೀರನ್ನು ಸ್ವಲ್ಪ ಬೆಚ್ಚಗೆ ಇಡು, ಒಂದು ಚಿಟಿಕೆ ಕಲ್ಲುಪ್ಪು ಹಾಕು, ಈ ಬಾದಾಮಿ ಎಲೆ ಹಾಕು. ಬದುಕಿಕೊಳ್ಳುತ್ತವೆ.

ಟಪಾಲಿಗೆ ಹಾಕಿದರೆ ಸಂಕ್ರಾಂತಿಯ ಗದ್ದಲದಲ್ಲಿ ಎಂದು ಮುಟ್ಟುವುದೋ. ಅದಕ್ಕೆ ಎಲೆಯ ಗಂಟಿನಲ್ಲೇ ಈ ಕಾಗದ ಇಟ್ಟು ದೇವದುರ್ಗದ ಬಸ್ಸಿನ ಕಂಡಕ್ಟರ್ ಜಿಲಾನಿ ಪಾಷಾ ಅವರ ಕೈಗೆ ಕೊಡುತ್ತಿದ್ದೇನೆ. ನಾಳೆಯೇ ನಿನ್ನ ಕೈಯಲ್ಲಿರುತ್ತದೆ. ಭಾಳ ಭರವಸೆಯ ಮನುಷ್ಯ.

ವಾದಿರಾಜ


ದೇವದುರ್ಗ
15-1-1979

ಅಣ್ಣಾ, ಅಣ್ಣಾ, ಅವನು ಮಾತಾಡಿದ!

ಅಕ್ಷರ ವಕ್ರವಾದರೆ ಬೈಯಬೇಡ. ಸಂಕ್ರಾಂತಿಯ ಹಿಂದಿನ ದಿನ ಬೆಳಿಗ್ಗೆ ಜಂಬಮ್ಮ ಪಾತ್ರೆ ತಿಕ್ಕುತ್ತಿದ್ದಳು. ವೆಂಕಣ್ಣ ಹಿತ್ತಲ ಬಾಗಿಲಿಗೆ ಬಂದು ನಿಂತು, "ಜಂಬಮ್ಮಾ, ಬೇವಿನ ಎಲಿ ತರ್ತೀಯೇನು? ಒಣಗಿದ್ದು ಬೇಕು. ಹಸಿದು ಹಾಕಬಾರದಂತ ಅಣ್ಣ ಹೇಳ್ಯಾನ" ಅಂದ. ಧ್ವನಿ ಗಡುಸಾಗಿದೆ, ಅಪ್ಪನ ಧ್ವನಿಯ ಹಾಗಿದೆ. ಜಂಬಮ್ಮನ ಕೈಯಿಂದ ತಂಬಿಗೆ ಬಿತ್ತು.

ಅಷ್ಟಕ್ಕೇ ನಿಲ್ಲಲಿಲ್ಲ. ಅತ್ತೆಯವರು ಸಾರಿಗೆ ಒಗ್ಗರಣೆ ಇಡುತ್ತಿದ್ದರು. ಅವರ ಹತ್ತಿರ ಹೋಗಿ, "ಒಗ್ಗರಣಿ ಹಾಕಬ್ಯಾಡ್ರಿ, ಮನ್ಯಾಗ ಅಮ್ಮ ಅದಾಳ" ಅಂದ. ಅಮ್ಮ ಬಂದ ಮನೆಯಲ್ಲಿ ಎಣ್ಣೆ ಚಟಪಟ ಅನ್ನಬಾರದಲ್ಲ, ಅದು. ಅತ್ತೆಯವರು ಸೌಟು ಕೆಳಗಿಟ್ಟು, "ಹಾಕಂಗಿಲ್ಲಪ್ಪಾ, ಹಾಕಂಗಿಲ್ಲ" ಅಂದರು. ನಿನ್ನೆ ಹಬ್ಬದ ಊಟ ಒಗ್ಗರಣೆಯಿಲ್ಲದೆ ಸಪ್ಪಗೆ. ನನ್ನ ಜನ್ಮದಲ್ಲಿ ಇಷ್ಟು ರುಚಿಯಾದ ಊಟ ಉಂಡಿಲ್ಲ. ಇವರೂ ಉಂಡೆದ್ದು, "ಧಾರವಾಡದ ಮಾತು ಬಿಟ್ಟುಬಿಡು" ಅಂದರು. ತಾವಾಗಿ ಅಂದರು.

ಜಂಬಮ್ಮ ಮಸರಕಲ್ಲಿನಿಂದ ಜೋಳ ತುಂಬುವ ಗುಮ್ಮಿಯಲ್ಲಿ ಹುಳ ಬೀಳದಂತೆ ಇಟ್ಟಿದ್ದ ಒಣ ಬೇವಿನ ಎಲೆ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ವೆಂಕಣ್ಣ ಅದನ್ನು ನಿನ್ನ ಕ್ರಮದಂತೆಯೇ ತೊಳೆದ, ರಾತ್ರಿ ನೆನೆಸಿಟ್ಟ, ಇಂದು ಬೆಳಿಗ್ಗೆ ಪೆಟ್ಟಿಗೆಗೆ ಬಿಟ್ಟು ಕೈಮುಗಿದ. ನಿನ್ನ ಉತ್ತರ ಇನ್ನೂ ಬಂದಿಲ್ಲ. ಕಾಯಬೇಕಿತ್ತು ಅನ್ನಬೇಡ. ಅವನು ಬಾಯಿಬಿಟ್ಟು ಕೇಳಿದ್ದನ್ನು ನಾನು ಹೇಗೆ ಇಲ್ಲ ಅನ್ನಲಿ?

ನಿನ್ನ
ವಿಜಿ


ದೇವದುರ್ಗ
19-1-1979

ಅಣ್ಣನಿಗೆ ನಮಸ್ಕಾರ.

ಹದಿನಾರರ ಬೆಳಿಗ್ಗೆ ಮೀನುಗಳೆಲ್ಲ ಮೇಲೆ ತೇಲುತ್ತಿದ್ದವು. ಒಂದೂ ಉಳಿಯಲಿಲ್ಲ.

ಅದೇ ಮಧ್ಯಾಹ್ನ ನಿನ್ನ ಗಂಟು ಬಂತು. ಜಿಲಾನಿ ಪಾಷಾ ಅವರನ್ನು ಆ ದಿನ ಮಾನ್ವಿಯ ಬಸ್ಸಿಗೆ ಹಾಕಿದ್ದರಂತೆ. ಅವರು ಗಂಟನ್ನು ಮಾನ್ವಿ ಬಸ್ ಸ್ಟ್ಯಾಂಡಿನ ಚಹಾ ಅಂಗಡಿ ವಲಿ ಪಾಷಾ ಹತ್ತಿರ ಜೋಪಾನ ಇಟ್ಟು, ಈ ಕಡೆಯ ಬಸ್ಸು ಸಿಕ್ಕ ಕೂಡಲೇ ತಾವೇ ಮನೆಯ ಬಾಗಿಲಿಗೆ ತಂದುಕೊಟ್ಟರು. ತಡವಾಯಿತು ಅಂತ ಮೂರು ಸಲ ಮಾಫಿ ಕೇಳಿದರು. ಅವರ ತಪ್ಪೇನಿದೆ?

ಗಂಟು ಬಿಚ್ಚಿದವನು ವೆಂಕಣ್ಣ. ನಿನ್ನ ಕಾಗದವನ್ನು ಮೊದಲು ಓದಿದವನೂ ಅವನೇ. ನಾನು ಒಳಗಿದ್ದೆ.

ಗಾಜಿನ ಪೆಟ್ಟಿಗೆ ಒಡೆದಿದೆ. ಚೂರು ಎತ್ತುವಾಗ ನನ್ನ ಕೈಗೆ ಸ್ವಲ್ಪ ತರಚಿತು, ಅಂಥದ್ದೇನಿಲ್ಲ. ಜಂಬಮ್ಮ ಹೊಸ್ತಿಲ ಹೊರಗೆ ಕೂತು, "ನನ್ನ ಬಾಯಿಗಿ ಬೆಂಕಿ ಬೀಳ್ಲಿ" ಅಂತ ಅಳುತ್ತಾಳೆ. ಒಳಗೆ ಬಾ ಅಂದರೆ ಬರುವುದಿಲ್ಲ. ವೆಂಕಣ್ಣ ಗೋಡೆಯ ಕಡೆ ತಿರುಗಿದ್ದಾನೆ.

ವಿಜಯಾ


ರಾಯಚೂರು
25-1-1979

ಚಿ. ಸೌ. ವಿಜಯಾಳಿಗೆ ಆಶೀರ್ವಾದ.

ಟಪಾಲಿಗೆ ಹಾಕಿದ್ದರೂ ಬೇವು ಹಾಕುವ ಮುಂಚೆ ಮುಟ್ಟುತ್ತಿತ್ತು. ನಾನು ಜಾಣತನ ಮಾಡಲು ಹೋದೆ. ಮಲಗಿದರೆ ಅದೇ ನೆನಪಾಗುತ್ತದೆ.

ಕೈ ಹೇಗಿದೆ? ಹೊಲಿಗೆ ಬಿಚ್ಚಿದರೇ?

ನಿನಗೂ ದಣಿವಾಗಿದೆ. ಮಾನ್ವಿಯಲ್ಲಿ ನಿನ್ನ ಬಸುರಿ ನಾದಿನಿಯ ಕುಬಸ ಇದೆಯೆಂದು ತಿಳಿಯಿತು. ಅತ್ತೆಯವರ ಜೊತೆ ನೀನೂ ಹೋಗಿ ನಾಲ್ಕು ದಿನ ಇದ್ದು ಬಾ. ನಾನು ರಜೆ ಹಾಕಿ ಅಲ್ಲಿಗೆ ಬರುತ್ತೇನೆ, ವೆಂಕಣ್ಣನನ್ನು ನೋಡಿಕೊಳ್ಳುತ್ತೇನೆ. ಹೊಸ ಮೀನಿನ ವ್ಯವಸ್ಥೆಯನ್ನೂ ಮಾಡೋಣ.

ವಾದಿರಾಜ


ದೇವದುರ್ಗ
31-1-1979

ಅಣ್ಣನಿಗೆ ನಮಸ್ಕಾರ.

ಹೊಲಿಗೆಯ ವಿಷಯ ನಾನು ಬರೆದಿರಲಿಲ್ಲ. ಇವರು ಬರೆದಿರಬೇಕು. ಹಾಗಾದರೆ ಅವನು ನನ್ನನ್ನು ತಳ್ಳಿದ ಅಂತಲೂ ಬರೆದಿರುತ್ತಾರೆ. ಅದು ತಳ್ಳಿದ್ದಲ್ಲ ಅಣ್ಣಾ. ಸತ್ತ ಮೀನಿನ ನೀರು ಚೆಲ್ಲಲು ನಾನು ಹೋದೆ, ಅವನು ಪೆಟ್ಟಿಗೆಯನ್ನು ನನ್ನ ಕೈಯಿಂದ ಬಿಡಿಸಿಕೊಳ್ಳಲು ಬಂದ, ಅದು ನನ್ನ ಮೇಲೆ ಬಿತ್ತು. ಕೂಡಲೇ ತನ್ನ ಧೋತರ ಹರಿದು ನನ್ನ ಕೈಗೆ ಕಟ್ಟಿದವನು ಯಾರು? ಅದನ್ನು ಇವರು ಬರೆದಿದ್ದಾರೆಯೇ?

ನೀನು ಬರುತ್ತೀ ಅಂದದ್ದಕ್ಕೆ ನನಗೆ ದೊಡ್ಡ ಹೊರೆ ಇಳಿದಂತಾಗಿದೆ. ಅಣ್ಣನಿಗೆ ತಮ್ಮನ ನೆನಪೇ ಇಲ್ಲ ಅಂತ ಮನಸ್ಸಿನಲ್ಲಿ ಬೈದುಕೊಂಡಿದ್ದೆ. ತಪ್ಪಾಯಿತು. ಆರನೆಯ ತಾರೀಖು ನಾವು ಮಾನ್ವಿಗೆ ಹೊರಡುತ್ತೇವೆ, ಹತ್ತಕ್ಕೆ ಬರುತ್ತೇವೆ. ಮುದ್ದೆ ಅನ್ನ ಅವನಿಗೆ ಸೇರುವುದಿಲ್ಲ, ಉದುರುದುರು ಇರಬೇಕು. ನೀನೇ ಕಲಿಸಿ ಮುಂದಿಟ್ಟರೆ ತಿನ್ನುತ್ತಾನೆ. ಹೊಸ ಮೀನು ಬರುತ್ತವೆ ಅಂತ ಹೇಳಿದೆ. ಸ್ವಲ್ಪ ಇತ್ತ ತಿರುಗಿದ.

ವಿಜಯಾ


ದೇವದುರ್ಗ
10-2-1979

ವಾದಿರಾಜನಿಗೆ,

ಮಾನ್ವಿಯಿಂದ ಬಂದೆ. ಅವನ ಹಾಸಿಗೆ ಸುತ್ತಿ ಮೂಲೆಗೆ ನಿಲ್ಲಿಸಿದ್ದಾರೆ. "ನಿಮ್ಮಣ್ಣನೇ ಕರಕೊಂಡು ಹೋದ, ನನ್ನನ್ನ ಕೇಳಬ್ಯಾಡ" ಅಂದರು ಇವರು.

ಕುಬಸದಲ್ಲಿ ನಾನು ಹಾಡು ಹೇಳಿದೆ. ನೀನು ಅವನ ಹತ್ತಿರ ಇದ್ದೀ ಅಂತ ನಿಶ್ಚಿಂತೆಯಿಂದ ಹಾಡಿದೆ.

ವಿಜಯಾ


ರಾಯಚೂರು
17-2-1979

ವಿಜಿ,

ನೀನು ಏನು ಬೈದರೂ ಬೈಸಿಕೊಳ್ಳುತ್ತೇನೆ. ನರಸಿಂಹರಾಯರು ನವೆಂಬರಿನಿಂದ ಬರೆಯುತ್ತಲೇ ಇದ್ದರು. ನಿನ್ನ ಕೈಗೆ ಹೊಲಿಗೆ ಬಿದ್ದ ಮೇಲೆ, "ಇನ್ನ ಒಂದು ದಿನಾನೂ ಇಟಗೊಳ್ಳಂಗಿಲ್ಲ, ನೀವು ಒಯ್ಯದಿದ್ರ ನಾನೇ ಒಯ್ದು ಬಿಟ್ಟು ಬರ್ತೀನಿ" ಎಂದು ತಾವೇ ಇಲ್ಲಿಗೆ ಬಂದು ಹೇಳಿ ಹೋದರು. ನಮ್ಮ ಮನೆಗೆ ತರುತ್ತೇನೆ ಎಂದೆ. ಅಹಲ್ಯಾ ದಿನ ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಅವರು ಬಂದ್ರ ನಾ ತೌರಿಗೆ ಹೋಗ್ತೀನಿ" ಎಂದಳು. ಅವಳನ್ನು ಬೈಯಲಾರೆ, ಹೆದರಿದ್ದಳು. ನಿನ್ನ ಎದುರಿಗೆ ಅವನನ್ನು ಕರೆದೊಯ್ಯುವ ಧೈರ್ಯ ನನಗಿರಲಿಲ್ಲ. ಅದಕ್ಕೇ ನಿನ್ನನ್ನು ಮಾನ್ವಿಗೆ ಕಳಿಸಿದೆವು.

ಇನ್ನೊಂದು ಮಾತು ಹೇಳದಿದ್ದರೆ ನನ್ನ ಹೊಟ್ಟೆಯೊಳಗೇ ಕೊಳೆಯುತ್ತದೆ. ರೈಲಿನಲ್ಲಿ ದಾರಿಯುದ್ದಕ್ಕೂ ಅವನು ಮಾತಾಡಿದ. ಆಸ್ಪತ್ರೆಯ ಡಾಕ್ಟರು ಅವನ ಹತ್ತಿರ ಅರ್ಧ ತಾಸು ಕೂತಿದ್ದು ಬಂದು, "ಛಂದ ಮಾತಾಡತಾರಲ್ರೀ ನಿಮ್ಮ ತಮ್ಮ, ಮನ್ಯಾಗ ಇಟಗೊಳ್ಳಾಕ ಬರೂದಿಲ್ಲೇನು?" ಎಂದು ಕೇಳಿದರು. ಒಳ್ಳೆಯ ಮನುಷ್ಯ. ಯಾವ ಮನೆ ಎಂದು ಹೇಳಲಿ? ಸೇರಿಸುವ ಕಾಗದಕ್ಕೆ ರುಜು ಹಾಕಿದೆ.

ವಾದಿರಾಜ


ದೇವದುರ್ಗ
24-2-1979

ಅಣ್ಣನಿಗೆ,

ನಿನ್ನ ಕಾರಣಗಳೆಲ್ಲ ಓದಿದೆ. ಬೈಯಲು ನನಗೂ ಬಾಯಿಲ್ಲ. ಬೇವು ಹಾಕಲು ಬಿಟ್ಟವಳು ನಾನು. ಇವರ ಹತ್ತಿರ ಅತ್ತೆಯವರೇ ನಾಲ್ಕು ದಿನ ಮಾತು ಬಿಟ್ಟಿದ್ದರು. ಅದರಿಂದ ಏನಾಯಿತು? ಏನೂ ಆಗಲಿಲ್ಲ.

ದಾರಿಯುದ್ದಕ್ಕೂ ಮಾತಾಡಿದ ಅಂತ ಬರೆದಿದ್ದೀಯಾ. ಏನು ಮಾತಾಡಿದ? ನನಗೆ ಅವನು ವರ್ಷಕ್ಕೂ ಮಿಕ್ಕಿ ಕಾಯಿಸಿ ಬೆರಳೆಣಿಕೆಯ ಮಾತು ಕೊಟ್ಟ. ನಿನಗೆ ಇಡೀ ಹಗಲು ಸಿಕ್ಕಿತು. ಒಂದೂ ಬಿಡದೆ ಬರೆ. ಬೇರೆ ಏನೂ ಬೇಡ.

ವಿಜಯಾ


ದೇವದುರ್ಗ
12-3-1979

ಅಣ್ಣಾ, ಏನು ಮಾತಾಡಿದ?


ರಾಯಚೂರು
21-3-1979

ವಿಜಿ,

ಅಹಲ್ಯಾ ಹೆತ್ತಳು, ಗಂಡು. ಅದರ ಗಡಿಬಿಡಿಯಲ್ಲಿ ಬರೆಯಲಾಗಲಿಲ್ಲ ಎಂದು ಬರೆಯಲು ಕೂತಿದ್ದೆ. ಅದು ಸುಳ್ಳು. ಬರೆಯಲು ಕೈ ಬರಲಿಲ್ಲ.

ಮೀನು ತರಲು ಹೋಗುತ್ತಿದ್ದೇವೆ ಎಂದು ಹೇಳಿ ಅವನನ್ನು ಹೊರಡಿಸಿದ್ದೆ. ಅದಕ್ಕೇ ಸಂಶಯವಿಲ್ಲದೆ ಬಂದ. ರಾಯಚೂರು ಸ್ಟೇಶನ್ನಿನಲ್ಲಿ ರೈಲು ಹತ್ತುವವರೆಗೆ ಸುಮ್ಮನಿದ್ದ. ತುಂಗಭದ್ರಾ ಸೇತುವೆ ಬಂದಾಗ ಕಿಟಕಿಯಲ್ಲಿ ಬಗ್ಗಿ, "ಇಲ್ಲಿ ಇರ್ತಾವೇನು ಅಂಥಾ ಮೀನ?" ಎಂದು ಕೇಳಿದ. ಹೊಳೆಯಲ್ಲಿ ಇರುವುದಿಲ್ಲ, ಅಂಗಡಿಯಲ್ಲಿ ಸಿಗುತ್ತವೆ ಎಂದೆ. ಗುಂತಕಲ್ಲಿನಲ್ಲಿ ಗಾಡಿ ಬದಲಿಸುವಾಗ, "ಈ ಸಲ ಬಿಳಿ ಗುಳ್ಳಿ ಎದ್ರ ಬೆಚ್ಚನ್ನ ನೀರು, ಕಲ್ಲುಪ್ಪು. ಬೇವು ಹಾಕಂಗಿಲ್ಲ. ನೆನಪದ ನನಗ" ಎಂದ. ನನ್ನ ಕಾಗದವನ್ನು ಬಾಯಿಪಾಠ ಮಾಡಿದ್ದ. ಬಳ್ಳಾರಿಯಲ್ಲಿ ಇಡ್ಲಿ ಕೊಡಿಸಿದೆ, ತಿಂದ. "ಜಂಬಮ್ಮನ್ನ ಯಾರೂ ಬೈಯಬ್ಯಾಡ್ರಿ. ಎಲಿ ಕೇಳಿದಾಂವ ನಾನು" ಎಂದ. ಹೊಸಪೇಟೆ ದಾಟಿದ ಮೇಲೆ ಯಾವ ಬಣ್ಣದ ಮೀನು ಬೇಕೆಂದು ಬಹಳ ಹೊತ್ತು ಹೇಳಿದ. ನಿನಗೆ ಕೆಂಪು ಸೇರುತ್ತದಂತೆ. ಗದಗಿನ ತನಕ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡಿದ. ಗುಲಬರ್ಗಾದಲ್ಲಿ ಏನಾಯಿತೆಂದು ಕೇಳಲು ಬಾಯಿ ತೆರೆದೆ. ಕೇಳಲಿಲ್ಲ. ಕೇಳಿ ತಿಳಿದುಕೊಂಡು ನಾನು ಮಾಡುವುದೇನಿತ್ತು?

ಧಾರವಾಡ ಸ್ಟೇಶನ್ನಿನ ಬೋರ್ಡು ಕಂಡಿತು. ಅವನು ಓದಿದ. ನನ್ನ ಮುಖ ನೋಡಿದ. ನಿಮ್ಮ ಮನೆಯಲ್ಲಿ ಆ ಹೆಸರು ಅವನ ಕಿವಿಗೆ ಎಷ್ಟು ಸಲ ಬಿದ್ದಿತ್ತೋ, ಅವನಿಗೆ ಎಲ್ಲ ತಿಳಿದುಹೋಯಿತು. ಕೂಗಲಿಲ್ಲ, ಓಡಲಿಲ್ಲ.

"ಅಣ್ಣಾ, ವಿಜಿಗೆ ಹೇಳಿ ಬಂದೀವೇನು?" ಎಂದು ಕೇಳಿದ.

"ಹೂಂ, ಹೇಳಿ ಬಂದೀವಿ" ಎಂದೆ.

"ಅಕಿ ಏನಂದಳು?"

"ಹೋಗಿ ಬರ್ರಿ ಅಂದಳು."

"ಅಕಿ ಹೋಗು ಅಂದಳಂದ್ರ ಆತು" ಎಂದು ನನಗಿಂತ ಮುಂಚೆ ತಾನೇ ಇಳಿದ.

ವಾದಿರಾಜ